ಬೋಲ್ಟು ಬಿಚ್ಚಿದರೆ ಕೈಗೆ ಬರುವ ಬಂಪರ್

ಮಧುಗಿರಿ ಉಪವಿಭಾಗದ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ತಾಲ್ಲೂಕುಗಳಲ್ಲಿ ಹಳೆಯ ಅಂಬಾಸಿಡರ್ ಅಥವಾ ಪದ್ಮಿನಿ ಕಾರನ್ನು ಉಳಿಸಿಕೊಂಡವರು ಅದರ ಬಂಪರನ್ನು ಮನೆಯಂಗಳದಲ್ಲೇ ಬಿಚ್ಚಿ ಇನ್ನೊಂದನ್ನು ಕೂರಿಸಬಲ್ಲರೆಂದರೆ, ಅದಕ್ಕೆ ಅವರ ಕೈಚಳಕಕ್ಕಿಂತ ಆ ಕಾರುಗಳ ರಚನೆಯೇ ಹೆಚ್ಚಿನ ಕಾರಣ. ಗುದ್ದಿದಾಗ ಮೊದಲ ಪೆಟ್ಟನ್ನು ತಾನು ತಿಂದು ದೀಪ, ರೇಡಿಯೇಟರ್, ಮಡ್‌ಗಾರ್ಡುಗಳನ್ನು ಕಾಯುವ ಈ ಉಕ್ಕಿನ ಅಡ್ಡಪಟ್ಟಿಯನ್ನು ಅಂದಿನ ತಯಾರಕರು ಕಾರಿನ ಮೈಯೊಂದಿಗೆ ಬೆಸೆಯದೆ, ಬ್ರಾಕೆಟ್ಟುಗಳ ಮೇಲೆ ಬೋಲ್ಟು ಹಾಕಿ ಬಿಗಿದ ಪ್ರತ್ಯೇಕ ವಸ್ತುವಾಗಿಯೇ ಉಳಿಸಿದ್ದರು. ಇಂದಿನ ಕಾರುಗಳಲ್ಲಿ ಮೈಬಣ್ಣದೊಳಗೇ ಕರಗಿಹೋಗುವ ಪ್ಲಾಸ್ಟಿಕ್ ಕವಚಕ್ಕೂ ಅದೇ ಹೆಸರಿದೆಯಾದರೂ, ಕ್ಲಿಪ್ಪು, ವೈರು, ಸೆನ್ಸರುಗಳೆಲ್ಲ ಅದರೊಳಗೆ ಸೇರಿಕೊಂಡಿರುವುದರಿಂದ ಅದನ್ನು ಬಿಚ್ಚುವ ಕೆಲಸ ಸರ್ವಿಸ್ ಸೆಂಟರಿನ ಪಾಲಾಗಿದೆ.

ಬಂಪರಿನ ಹುಟ್ಟು ಅಂಥ ಘನವಾದುದೇನಲ್ಲ. ಇಂದಿನ ಚೆಕ್ ದೇಶದಲ್ಲಿದ್ದ ನೆಸೆಲ್ಸ್‌ಡಾರ್ಫ್ ಕಾರ್ಖಾನೆ 1897ರಲ್ಲಿ ತನ್ನ ಕಾರಿಗೆ ಹಾಕಿದ್ದ ಬಂಪರ್ ಕೆಲವೇ ಮೈಲಿ ಓಡುವಷ್ಟರಲ್ಲಿ ಕಳಚಿಬಿತ್ತೆಂದೂ ಅದನ್ನು ಮತ್ತೆ ಹಾಕುವ ಗೋಜಿಗೆ ಯಾರೂ ಹೋಗಲಿಲ್ಲವೆಂದೂ ವಾಹನ ಚರಿತ್ರೆಕಾರರು ಹೇಳುತ್ತ ಬಂದಿದ್ದಾರೆ. 1905ರ ಸುಮಾರಿಗೆ ಇಂಗ್ಲೆಂಡಿನ ಫ್ರೆಡರಿಕ್ ಸಿಮ್ಸ್ ರಬ್ಬರಿನ ಬಂಪರನ್ನು ತಂದರೆ, ಮುಂದಿನ ಕೆಲವು ದಶಕಗಳಲ್ಲಿ ಉಕ್ಕು ಬಂತು, ಉಕ್ಕಿನ ಮೇಲೆ ಕ್ರೋಮಿಯಂ ಹೊಳಪು ಬಂತು. ಬ್ರಿಟನ್ನಿನ ಮಾರಿಸ್ ಆಕ್ಸ್‌ಫರ್ಡ್ ಕಾರಿನ ಮೂರನೆಯ ಸರಣಿಯನ್ನು ಆಧರಿಸಿ ಹಿಂದೂಸ್ತಾನ್ ಮೋಟರ್ಸ್ ಕಂಪನಿಯು ಪಶ್ಚಿಮ ಬಂಗಾಳದ ಉತ್ತರಪಾರಾದಲ್ಲಿ 1950ರ ದಶಕದ ಕೊನೆಯಿಂದ 2014ರ ಮೇ ತಿಂಗಳವರೆಗೆ ಅಂಬಾಸಿಡರನ್ನು ತಯಾರಿಸಿತು. ಮುಂಬೈಯ ಪ್ರೀಮಿಯರ್ ಕಂಪನಿ ಇಟಲಿಯ ಫಿಯೆಟ್ 1100 ಕಾರನ್ನು ಮುಂದೆ ಪದ್ಮಿನಿ ಎಂಬ ಹೆಸರಿನಲ್ಲಿ ಮಾರಿತು. ಆಕ್ಸ್‌ಫರ್ಡ್ ತನ್ನ ನಾಡಿನಲ್ಲಿ ಎಂದೋ ನಿಂತುಹೋಗಿದ್ದಾಗ, 1993ರಲ್ಲಿ, ಅದರ ಈ ಭಾರತೀಯ ಸಂತಾನವೇ ಸೀಟ್‌ಬೆಲ್ಟು ಕಟ್ಟಿಸಿಕೊಂಡು ಫುಲ್‌ಬೋರ್ ಮಾರ್ಕ್ 10 ಎಂಬ ಹೆಸರಿನಲ್ಲಿ ಬ್ರಿಟನ್ನಿಗೆ ಮರಳಿ ಆಮದಾದದ್ದು ಆ ದೇಶದ ವಾಹನೋದ್ಯಮಕ್ಕೆ ತಕ್ಕ ಕುಚೋದ್ಯವೇ ಸರಿ.

ಈ ಎರಡು ವಂಶಗಳ ಭೇದ ಮನೆಯಲ್ಲಿ ಕೆಲಸ ಹಿಡಿದವರಿಗೆ ಮೊದಲು ಗೊತ್ತಾಗುವುದು ಸ್ಪ್ಯಾನರಿನಲ್ಲಿ. ಇಂಗ್ಲಿಷ್ ಮೂಲದ ಅಂಬಾಸಿಡರಿಗೆ ಇಂಚಿನ ಸ್ಪ್ಯಾನರ್ ಬೇಕು, ಇಟಲಿ ಮೂಲದ ಪದ್ಮಿನಿಗೆ ಮಿಲಿಮೀಟರಿನದು. ಒಂದರ ಬದಲು ಇನ್ನೊಂದನ್ನು ಹಾಕಿ ತಿರುಗಿಸಿದರೆ ನಟ್ಟಿನ ಮೂಲೆಗಳು ಸವೆದು ಹಿಡಿತ ತಪ್ಪುತ್ತದೆ. ಬಂಪರಿನ ಮುಖದ ಮೇಲೆ ಕಾಣುವ ಬೋಲ್ಟಿನ ತಲೆ ಗುಂಡಗೆ, ನುಣ್ಣಗೆ ಇದ್ದು, ತಲೆಯ ಕೆಳಗಿನ ಚೌಕ ಕತ್ತು ಪಟ್ಟಿಯ ಚೌಕ ತೂತಿನಲ್ಲಿ ಕೂತು ಬೋಲ್ಟು ತಿರುಗದಂತೆ ತಡೆಯುವುದರಿಂದ, ಬಿಚ್ಚುವ ಕೆಲಸವೆಲ್ಲ ಹಿಂಬದಿಯ ನಟ್ಟಿನ ಕಡೆಯಿಂದಲೇ ಆಗಬೇಕು. ಮಣ್ಣು, ನೀರು ತಿಂದು ತುಕ್ಕು ಹಿಡಿದ ಆ ನಟ್ಟಿಗೆ ಹಿಂದಿನ ರಾತ್ರಿಯೇ ಸೀಮೆಎಣ್ಣೆ ಅಥವಾ ತುಕ್ಕು ಬಿಡಿಸುವ ಎಣ್ಣೆ ಬಿಟ್ಟು ನೆನೆಸಿ, ಆಗಲೂ ಜಗ್ಗದಿದ್ದರೆ ಹ್ಯಾಕ್ಸಾದಿಂದ ಕೊಯ್ದು, ಕೊನೆಯ ಬೋಲ್ಟು ಕಳಚುವ ಹೊತ್ತಿಗೆ ಪಟ್ಟಿಯ ಎರಡೂ ತುದಿಗೆ ಒಬ್ಬೊಬ್ಬರು ನಿಂತು ಹಿಡಿದುಕೊಳ್ಳುವುದು ವಾಡಿಕೆ. ಕೂರಿಸುವಾಗ ಎಲ್ಲ ನಟ್ಟುಗಳನ್ನೂ ಮೊದಲು ಬೆರಳಿನಿಂದಷ್ಟೇ ತಿರುಗಿಸಿ, ಎಡಬಲದ ಅಂತರವನ್ನು ಅಳೆದು, ದಾರ ಹಿಡಿದು ಮಟ್ಟ ನೋಡಿ, ಆಮೇಲೆ ಒಂದೊಂದನ್ನೂ ಸ್ವಲ್ಪ ಸ್ವಲ್ಪವಾಗಿ ಬಿಗಿಯುತ್ತ ಬರಬೇಕು. ಒಂದು ಬದಿಯನ್ನು ಪೂರ್ತಿ ಬಿಗಿದು ಇನ್ನೊಂದಕ್ಕೆ ಹೋದರೆ ಬಂಪರ್ ಸೊಟ್ಟಗೆ ನಿಲ್ಲುತ್ತದೆ.

ಜಗಳ ಹುಟ್ಟುವುದು ಇಲ್ಲಲ್ಲ, ಹೊಳಪಿನ ವಿಷಯದಲ್ಲಿ. ಕ್ರೋಮ್ ಬಂಪರ್ ಎಂದು ಕರೆಯುವುದರಲ್ಲಿ ಕ್ರೋಮಿಯಂ ಇರುವುದು ಸಾಮಾನ್ಯವಾಗಿ ಒಂದು ಮೈಕ್ರಾನಿಗಿಂತಲೂ, ಅಂದರೆ ಮಿಲಿಮೀಟರಿನ ಸಾವಿರದ ಒಂದು ಭಾಗಕ್ಕಿಂತಲೂ ತೆಳುವಾಗಿ. ಉಕ್ಕನ್ನು ನಿಜವಾಗಿ ಕಾಯುವುದು ಅದರಡಿಯ ದಪ್ಪನೆಯ ನಿಕ್ಕಲ್ ಪದರ. ಪಾವಗಡ, ಶಿರಾ ಕಡೆಯ ಒಣ ಹವೆ ಕರಾವಳಿಯ ಉಪ್ಪುಗಾಳಿಗಿಂತ ಈ ಲೇಪಕ್ಕೆ ಹಿತವಾದುದಾದರೂ, ರಸ್ತೆಯ ಜಲ್ಲಿ ಸಿಡಿದು ನಿಕ್ಕಲ್ ಒಡೆದಲ್ಲಿ ತುಕ್ಕು ಒಳಗೊಳಗೇ ಹಬ್ಬುತ್ತದೆ, ಗಡಸು ಬೋರ್‌ವೆಲ್ ನೀರಿನಲ್ಲಿ ತೊಳೆದು ಒರೆಸದೆ ಬಿಟ್ಟರೆ ಬಿಳಿ ಕಲೆ ನಿಲ್ಲುತ್ತದೆ. ಹಾಳಾದ ಬಂಪರನ್ನು ಟಿಂಕರಿಂಗ್ ಮಾಡಿಸಿ, ಹಳೆಯ ಲೇಪ ತೆಗೆಸಿ, ಉಜ್ಜಿ, ಹೊಸದಾಗಿ ನಿಕ್ಕಲ್ ಮತ್ತು ಕ್ರೋಮ್ ಏರಿಸುವುದು ಸರಿಯಾದ ದಾರಿ. ಆದರೆ ಆ ಲೇಪನಕ್ಕೆ ಬಳಸುವ ಕ್ರೋಮಿಕ್ ಆಮ್ಲ ಘೋರ ವಿಷವಾಗಿದ್ದು, ಬೆಂಗಳೂರಿನ ಪೀಣ್ಯ ಕೈಗಾರಿಕಾ ಪ್ರದೇಶದ ಅಂತರ್ಜಲದಲ್ಲಿ ಕ್ರೋಮಿಯಂ ಸೇರಿಕೊಂಡದ್ದು ಆ ಹೊಳಪಿಗೆ ತೆತ್ತ ಬೆಲೆಯ ಪುರಾವೆ. ಆದುದರಿಂದ ಕೆಲವರು ಸಿಲ್ವರ್ ಪೇಂಟ್ ಬಳಿದು ಸುಮ್ಮನಾಗುತ್ತಾರೆ, ಇನ್ನು ಕೆಲವರು ಸ್ಟೇನ್‌ಲೆಸ್ ಸ್ಟೀಲಿನ ಹೊಸ ಬಂಪರ್ ತರಿಸುತ್ತಾರೆ. ಎರಡನೆಯದು ತುಕ್ಕು ಹಿಡಿಯದೆಂಬುದು ಬಹುಮಟ್ಟಿಗೆ ನಿಜ. ಆದರೆ ತಗಡು ತೆಳುವಾಗಿ, ಮೂಲೆಯ ತಿರುವು ಮೊಂಡಾಗಿ ಬಂದಾಗ ಅದು ಅಂಬಾಸಿಡರಿನ ದುಂಡು ಮುಖದ ಮೇಲೆ ಹೊಸ ಊಟದ ತಟ್ಟೆಯಂತೆ ಮಿನುಗುತ್ತದೆ. ಪೇಂಟ್ ಬಳಿದವನದು ಬಡತನ ಅಥವಾ ಸೋಮಾರಿತನ. ಆದರೆ ಆ ಪೇಂಟಿನೊಳಗೆ ಮೂಲ ಪಟ್ಟಿಯಾದರೂ ಉಳಿದಿರುತ್ತದೆ.

ಈ ಜಗಳಕ್ಕೆ ಕಾನೂನು ಕೊಟ್ಟಿರುವ ತೀರ್ಪು ಇನ್ನೂ ವಿಚಿತ್ರವಾಗಿದೆ. ಬಂಪರಿನ ಮುಂದೆ ಕೊಳವೆಗಳ ಕ್ರ್ಯಾಶ್ ಗಾರ್ಡ್ ಕಟ್ಟುವುದು ಮೋಟಾರು ವಾಹನ ಕಾಯ್ದೆಯ 52ನೇ ಕಲಮಿಗೆ, ಅಂದರೆ ತಯಾರಕರು ನಿಗದಿಪಡಿಸಿದ ಸ್ವರೂಪವನ್ನು ಮಾಲೀಕರು ಬದಲಿಸಬಾರದೆಂಬ ನಿಯಮಕ್ಕೆ ವಿರುದ್ಧವೆಂದು ಕೇಂದ್ರ ಸಾರಿಗೆ ಸಚಿವಾಲಯ 2017ರ ಡಿಸೆಂಬರಿನಲ್ಲಿ ರಾಜ್ಯಗಳಿಗೆ ಬರೆಯಿತು. 2021ರ ಜುಲೈಯಲ್ಲಿ ಅದೇ ಸಚಿವಾಲಯ 50 ವರ್ಷ ದಾಟಿದ ವಾಹನಗಳಿಗೆ ವಿಂಟೇಜ್ ನೋಂದಣಿಯನ್ನು, ಸಂಖ್ಯೆಯ ನಡುವೆ ವಿಎ ಎಂಬ ಅಕ್ಷರಗಳನ್ನೂ 20,000 ರೂಪಾಯಿ ಶುಲ್ಕವನ್ನೂ ಗೊತ್ತುಮಾಡಿ, ವಾಹನ ಮೂಲ ಸ್ವರೂಪದಲ್ಲಿರಬೇಕೆಂದು ವಿಧಿಸಿತು. ಆದರೆ ಮೂಲ ಸ್ವರೂಪ ಕೆಟ್ಟಿತೆನ್ನಲು ಅದು ಹೆಸರಿಸಿ ಎಣಿಸಿದ್ದು ಚಾಸಿ, ಬಾಡಿ ಶೆಲ್ ಮತ್ತು ಎಂಜಿನ್‌ಗಳನ್ನು ಮಾತ್ರ. ಕಾರನ್ನು ದೂರದಿಂದ ಕಂಡವರಿಗೂ ಮೊದಲು ಕಣ್ಣಿಗೆ ಬೀಳುವ ಬಂಪರಿನ ಹೆಸರು ಆ ಪಟ್ಟಿಯಲ್ಲಿಲ್ಲ. ಬೋಲ್ಟಿನಿಂದ ಕಳಚಬಹುದಾದದ್ದು ಮೈಯ ಭಾಗವಲ್ಲವೆಂದು ಬಗೆದ ಹಳೆಯ ವಿನ್ಯಾಸಕಾರರ ಲೆಕ್ಕವನ್ನೇ ನಿಯಮ ಬರೆದವರೂ ಒಪ್ಪಿಕೊಂಡಂತಾಗಿ, ತಟ್ಟೆಯ ಹೊಳಪಿನ ಬಂಪರ್ ಹೊತ್ತ ಕಾರಿಗೂ ವಿಂಟೇಜ್ ಪಟ್ಟಕ್ಕೆ ಆ ಮಾತುಗಳು ಅಡ್ಡಿಬರುವಂತೆ ಕಾಣುವುದಿಲ್ಲ.

1975ರಲ್ಲಿ ಬಂದ ಮಾರ್ಕ್ 3 ಅಂಬಾಸಿಡರುಗಳ ಪೈಕಿ ಮೊದಲಿನವು 2025ರಲ್ಲಿ 50 ತುಂಬಿಸಿದವು, 1979ರ ಮಾರ್ಕ್ 4 ಕಾರುಗಳ ಸರದಿ 2029ಕ್ಕೆ. ಮೂಲದ ಬಂಪರನ್ನೇ ಹಾಕಬೇಕೆನ್ನುವವರಿಗೆ ಅಲ್ಲಿಯವರೆಗೆ ಉಳಿಯುವ ಮುಖ್ಯ ಆಕರ ನಿಂತುಹೋದ ಕಾರುಗಳೇ. ಅವನ್ನು ಗುಜರಿಗೆ ಕೊಡುವವರು ಬಂಪರನ್ನು ಎಷ್ಟೇ ನೆಗ್ಗಿದ್ದರೂ ಬಿಚ್ಚಿ ಎತ್ತಿಡುವುದು, ಅದರ ಜೊತೆಗೆ ಬ್ರಾಕೆಟ್ಟುಗಳನ್ನೂ ಚೌಕ ಕತ್ತಿನ ಬೋಲ್ಟುಗಳನ್ನೂ ಇಡುವುದು ಅಗತ್ಯ. ಪಟ್ಟಿಯನ್ನು ಟಿಂಕರ್ ನೆಟ್ಟಗೆ ಮಾಡಿಯಾನು, ಬ್ರಾಕೆಟ್ಟು ಬೇರೆಯದಾದರೆ ತೂತುಗಳು ಒಂದಕ್ಕೊಂದು ಕೂಡುವುದಿಲ್ಲ.