ಬಿದಿರಿನ ಚಪ್ಪರದಡಿ ಪಾಠಶಾಲೆ

೨೦೧೫ರ ಏಪ್ರಿಲ್ ೨೫ರಂದು, ಮಧ್ಯಾಹ್ನಕ್ಕೆ ತುಸು ಮುನ್ನ, ನೇಪಾಳದ ನೆಲ ನಡುಗಿತು. ಸುಮಾರು ಒಂಬತ್ತು ಸಾವಿರ ಮಂದಿ ಮಡಿದರು. ಅಂದು ಶನಿವಾರ, ಅಲ್ಲಿ ಶಾಲೆಗಳಿಗೆ ವಾರದ ರಜೆ. ಸಾವಿರಾರು ತರಗತಿಗಳು ಕುಸಿದಾಗ ಅವುಗಳೊಳಗೆ ಪಾಠಕ್ಕೆ ಕುಳಿತ ಮಕ್ಕಳಿರಲಿಲ್ಲ.

ಬದುಕುಳಿದ ಮಕ್ಕಳು ಮನೆ ಕಳೆದುಕೊಂಡ ತಂದೆತಾಯಿಯರೊಡನೆ ಬಯಲಿನ ಡೇರೆಗಳನ್ನು ಸೇರಿದರು. ಸ್ವಯಂಸೇವಕರು ಮೊದಲು ಅಕ್ಕಿ ಹೊತ್ತರು, ಕಂಬಳಿ ಹಂಚಿದರು. ಆಮೇಲೆ ಊರವರೊಡನೆ ಕೂಡಿ ಬಿದಿರು ನೆಟ್ಟು, ಟಾರ್ಪಾಲು ಹೊದಿಸಿ ಚಪ್ಪರ ಕಟ್ಟಿದರು. ಮೇ ೩೧ರಂದು ಪೀಡಿತ ಜಿಲ್ಲೆಗಳ ಶಾಲೆಗಳು ಮತ್ತೆ ತೆರೆದವು. ಮೊದಲ ದಿನಗಳಲ್ಲಿ ಪುಸ್ತಕಕ್ಕಿಂತ ಆಟ, ಹಾಡು, ಚಿತ್ರಗಳಿಗೇ ಪ್ರಾಶಸ್ತ್ಯ. ಬೆದರಿದ ಮನಸ್ಸು ಮೊದಲು ನಗಬೇಕು, ಆಮೇಲೆ ಕಲಿಯಬೇಕು.

ಹೊಟ್ಟೆಗಿಲ್ಲದಿರುವಾಗ ಅಕ್ಷರವೇಕೆಂದು ಕೇಳುವವರುಂಟು. ಆದರೆ ಮಗು ಚಪ್ಪರದಡಿ ಕ್ಷೇಮವಾಗಿ ಕುಳಿತಾಗಲೇ ತಾಯಿಗೆ ಕುಸಿದ ಮನೆಯ ಕಲ್ಲುಗಳನ್ನು ಆಯಲು ಬಿಡುವು. ಮನೆ ಮತ್ತೆ ಏಳುವುದಕ್ಕೆ ಅದೂ ಒಂದು ಅಡಿಗಲ್ಲು.