ತಿಳಿನೀರೆಲ್ಲ ಶುದ್ಧವಲ್ಲ

ಹಸು ಸಾಕುವವರನ್ನು ಕಂಡಿದ್ದೇವೆ, ನಾಯಿ ಸಾಕುವವರನ್ನು ಕಂಡಿದ್ದೇವೆ. ಕಡಲನ್ನು ಸಾಕುವವರನ್ನು ಕಂಡಿದ್ದೀರಾ? 2023ರ ಬೇಸಗೆಯಲ್ಲಿ ಅಮೆರಿಕದ ನ್ಯೂಜೆರ್ಸಿಯಲ್ಲಿರುವ ಮಗಳ ಮನೆಗೆ ಹೋಗಿದ್ದಾಗ ನಾನು ಕಂಡೆ. ನಡುಮನೆಯ ಗೋಡೆಗೆ ಒರಗಿದಂತೆ 200 ಲೀಟರಿನ ಗಾಜಿನ ತೊಟ್ಟಿ, ಅದರೊಳಗೆ ಕಲ್ಲುಗಳು, ಕಲ್ಲುಗಳ ಮೇಲೆ ಹೂವಿನಂತೆ ಅರಳಿ ಮುಚ್ಚುವ ಹವಳದ ಜೀವಿಗಳು, ಅವುಗಳ ನಡುವೆ ಕಿತ್ತಳೆ ಮೈಗೆ ಬಿಳಿಯ ಪಟ್ಟೆ ಬಳಿದುಕೊಂಡ ಎರಡು ಕ್ಲೌನ್ ಮೀನುಗಳು, ಎಂದರೆ ವಿದೂಷಕ ಮೀನುಗಳು. ಅಳಿಯ ಆ ತೊಟ್ಟಿಯನ್ನು ಸಜ್ಜುಗೊಳಿಸಿ ಮೂರು ತಿಂಗಳಾಗಿತ್ತು. ಎಂಟು ವರ್ಷದ ಮೊಮ್ಮಗಳು ಆ ಮೀನುಗಳಿಗೆ ಕಿಟ್ಟ, ಪುಟ್ಟ ಎಂದು ಹೆಸರಿಟ್ಟಿದ್ದಳು.

ಒಮ್ಮೆ ಅವರು ಮೂವರೂ ಐದು ದಿನಗಳ ಪ್ರವಾಸಕ್ಕೆ ಹೊರಟರು. "ಮಾವ, ದಿನಕ್ಕೆರಡು ಸಲ ಚಿಟಿಕೆ ಆಹಾರ ಹಾಕಿ, ಸಾಕು. ಬೇರೇನನ್ನೂ ಮುಟ್ಟಬೇಡಿ" ಎಂದು ಅಳಿಯ ಹೇಳಿಹೋದ. ನಾನು ಮುಟ್ಟಿದೆ. ತಂಬಿಗೆಗೆ ಹುಣಸೆಹಣ್ಣು ಹಚ್ಚಿ ಬೆಳಗದಿದ್ದರೆ ನೀರು ಕುಡಿಯದಿದ್ದ ತಾಯಿಯ ಮಗ ನಾನು. ತೊಟ್ಟಿಯ ಕೆಳಗಿನ ಶೋಧಕದಲ್ಲಿ ಕಂದು ಬಣ್ಣದ ಲೋಳೆ ಹಿಡಿದ ಸ್ಪಂಜನ್ನೂ ಪಿಂಗಾಣಿಯ ತುಣುಕುಗಳನ್ನೂ ಕಂಡು ಮನಸ್ಸು ತಡೆಯಲಿಲ್ಲ. ಎಲ್ಲವನ್ನೂ ಹೊರತೆಗೆದು, ನಲ್ಲಿಯ ಬಿಸಿನೀರಿನಲ್ಲಿ ತಿಕ್ಕಿ ತೊಳೆದು, ಬೆಳ್ಳಗೆ ಮಾಡಿ ಮತ್ತೆ ಇಟ್ಟೆ. ಮೂರನೆಯ ದಿನ ಹವಳಗಳು ಮುದುಡಿದವು. ನಾಲ್ಕನೆಯ ದಿನ ಮೀನುಗಳು ಮೇಲೆ ಬಂದು ಬಾಯಿ ಬಾಯಿ ಬಿಡುತ್ತಿದ್ದವು. ಅವರು ಹಿಂದಿರುಗುವ ಹೊತ್ತಿಗೆ ಪುಟ್ಟ ಸತ್ತಿತ್ತು. ಅಳಿಯ ಆ ರಾತ್ರಿಯೇ ಅರ್ಧದಷ್ಟು ನೀರನ್ನು ಬದಲಿಸಿ ಕಿಟ್ಟನನ್ನು ಉಳಿಸಿಕೊಂಡ. ನನಗೆ ಒಂದು ಮಾತೂ ಆಡಲಿಲ್ಲ. ಮೊಮ್ಮಗಳು ಮಾತ್ರ ಕೇಳಿದಳು: "ತಾತ, ನೀರು ಇಷ್ಟು ತಿಳಿಯಾಗಿದೆಯಲ್ಲ, ಮತ್ತೆ ಪುಟ್ಟ ಏಕೆ ಸತ್ತ?"

ಮೂವತ್ತು ವರ್ಷ ಪಾಠ ಹೇಳಿದ ನನಗೆ ಆ ಪ್ರಶ್ನೆಗೆ ಉತ್ತರ ಗೊತ್ತಿರಲಿಲ್ಲ. ಅನಂತರ ಅಳಿಯನಿಂದಲೂ ಪುಸ್ತಕಗಳಿಂದಲೂ ಕಲಿತುಕೊಂಡದ್ದನ್ನೇ ಇಂದು ನಿಮ್ಮ ಮುಂದಿಡುತ್ತಿದ್ದೇನೆ.

ಮೀನು ಉಸಿರಾಡುವಾಗ ಕಿವಿರುಗಳ ಮೂಲಕ ಅಮೋನಿಯಾವನ್ನು ಹೊರಬಿಡುತ್ತದೆ. ತಿನ್ನದೆ ಉಳಿದ ಆಹಾರ ಕೊಳೆತರೂ ಹುಟ್ಟುವುದು ಅದೇ. ಅದಕ್ಕೆ ಬಣ್ಣವಿಲ್ಲ, ಆದರೆ ಮೀನಿಗೆ ಅದು ವಿಷ. ಕಡಲ ನೀರು ತುಸು ಕ್ಷಾರಗುಣದ್ದು, ಅದರ ಪಿಎಚ್ ಸುಮಾರು 8.2. ಕ್ಷಾರ ಹೆಚ್ಚಿದಷ್ಟೂ ಅಮೋನಿಯಾದ ವಿಷವೂ ಹೆಚ್ಚು. ಮಹಾಸಾಗರದಲ್ಲಿ ಲೆಕ್ಕಕ್ಕೇ ಬಾರದ ಈ ಕಲ್ಮಷ ಗಾಜಿನ ನಾಲ್ಕು ಗೋಡೆಗಳ ನಡುವೆ ಸೆರೆಯಾಗುತ್ತದೆ. ಅದನ್ನು ನೀಗುವವರು ಯಾರು? ಸ್ಪಂಜಿನ ಮೇಲೂ ಪಿಂಗಾಣಿಯ ಮೇಲೂ ನೆಲೆಸಿರುವ ಸೂಕ್ಷ್ಮಜೀವಿಗಳು. ಅವುಗಳಲ್ಲಿ ಒಂದು ಬಳಗ ಅಮೋನಿಯಾವನ್ನು ನೈಟ್ರೈಟ್ ಆಗಿ ಮಾಡುತ್ತದೆ. ಇನ್ನೊಂದು ಬಳಗ ಆ ನೈಟ್ರೈಟನ್ನು ಅಷ್ಟೇನೂ ಅಪಾಯವಿಲ್ಲದ ನೈಟ್ರೇಟ್ ಆಗಿ ಮಾಡುತ್ತದೆ. ಮಣ್ಣಿನಲ್ಲಿ ಇದೇ ಕಾಯಕ ನಡೆಸುವ ಜೀವಿಗಳನ್ನು ರಷ್ಯಾದ ವಿಜ್ಞಾನಿ ವಿನೊಗ್ರಾಡ್ಸ್ಕಿ 1890ರ ಸುಮಾರಿಗೇ ಗುರುತಿಸಿದ್ದನು.

ನಾನು ಕೊಳೆಯೆಂದು ತಿಕ್ಕಿ ತೆಗೆದದ್ದು ಈ ಜೀವಿಗಳ ನೆಲೆಯನ್ನೇ. ಅಳಿದುಳಿದವನ್ನು ಬಿಸಿನೀರೂ ನಲ್ಲಿ ನೀರಿನ ಕ್ಲೋರಿನ್ನೂ ಮುಗಿಸಿದವು. ಹೆಪ್ಪಿನ ಬಟ್ಟಲನ್ನು ಫಳಫಳ ಬೆಳಗಿಟ್ಟು, ಹಾಲು ಏಕೆ ಮೊಸರಾಗಲಿಲ್ಲವೆಂದು ಕೇಳಿದಂತಾಯಿತು ನನ್ನ ಕೆಲಸ. ಶೋಧಕವನ್ನು ತೊಳೆಯಲೇಬಾರದೆಂದಲ್ಲ. ಅದರಲ್ಲಿ ಕಸ ಕಟ್ಟಿಕೊಂಡರೂ ನೀರು ಕೆಡುತ್ತದೆ. ಆದರೆ ತೊಟ್ಟಿಯಿಂದಲೇ ತೆಗೆದ ನೀರಿನಲ್ಲಿ, ಒಂದೊಂದು ಸಲ ಒಂದೊಂದು ಭಾಗವನ್ನು ಮಾತ್ರ, ಮೆಲ್ಲಗೆ ಹಿಂಡಿ ಇಡಬೇಕು. ಹೊಸ ತೊಟ್ಟಿಯಲ್ಲಿ ಈ ಜೀವಿಗಳು ನೆಲೆಗೊಳ್ಳಲು ನಾಲ್ಕಾರು ವಾರಗಳೇ ಬೇಕು. ಅಷ್ಟು ಕಾಲ ಕಾಯದೆ ಮೀನು ತಂದು ಬಿಟ್ಟವರು ಮೀನನ್ನು ಕಳೆದುಕೊಳ್ಳುವುದೇ ಹೆಚ್ಚು.

ಹವಳಕ್ಕೆ ಇಷ್ಟೂ ಸಾಲದು. ಹವಳದ ದಿಬ್ಬಗಳು ಬೆಳೆಯುವುದು ಪೋಷಕಾಂಶ ತೀರ ಕಡಿಮೆಯಿರುವ ಬಡ ನೀರಿನಲ್ಲಿ; ನೈಟ್ರೇಟು, ಫಾಸ್ಫೇಟುಗಳು ಹೆಚ್ಚಿದರೆ ಪಾಚಿ ಹಬ್ಬಿ ಹವಳವನ್ನು ಮುಸುಕುತ್ತದೆ. ಇವನ್ನು ತಗ್ಗಿಸುವ ದಾರಿಗಳಲ್ಲಿ ಮೊದಲನೆಯದು ಕಲ್ಲು. ರಂಧ್ರಗಳು ತುಂಬಿದ ಕಲ್ಲಿನ ಒಡಲಿಗೆ ಆಮ್ಲಜನಕ ತಲಪುವುದಿಲ್ಲ. ಅಲ್ಲಿ ನೆಲೆಸುವ ಬೇರೊಂದು ಬಗೆಯ ಜೀವಿಗಳು ನೈಟ್ರೇಟನ್ನು ಸಾರಜನಕದ ಅನಿಲವಾಗಿಸಿ ಗಾಳಿಗೆ ಬಿಟ್ಟುಬಿಡುತ್ತವೆ. ಜಕಾರ್ತದ ಲೀ ಚಿನ್ ಎಂಗ್ ಎಂಬಾತ ಜೀವಂತ ಕಲ್ಲು, ಕಡಲ ನೀರು, ಗಾಳಿಯ ಗುಳ್ಳೆ ಇಷ್ಟನ್ನೇ ನಂಬಿ ಹವಳಗಳನ್ನು ಉಳಿಸಿಕೊಂಡ ರೀತಿಯನ್ನು 1961ರಲ್ಲಿ ಬರೆದು ತಿಳಿಸಿದನು. ಎರಡನೆಯದು ಪ್ರೋಟೀನ್ ಸ್ಕಿಮ್ಮರ್ ಎಂಬ ಸಲಕರಣೆ. ಅಲೆಯೊಡೆದ ದಡದಲ್ಲಿ ನೊರೆ ಕಟ್ಟುವುದನ್ನು ನೀವು ನೋಡಿರಬಹುದು. ಈ ಸಲಕರಣೆಯೂ ಸಣ್ಣ ಗುಳ್ಳೆಗಳಿಂದ ನೊರೆಯೆಬ್ಬಿಸುತ್ತದೆ. ಕೊಳೆಯುವ ಪದಾರ್ಥ ಆ ಗುಳ್ಳೆಗಳಿಗಂಟಿಕೊಂಡು ಮೇಲೇರಿ, ಚಹಾದ ಬಣ್ಣದ ದುರ್ಗಂಧದ ದ್ರವವಾಗಿ ಬಟ್ಟಲಿಗೆ ಬೀಳುತ್ತದೆ. ಮೂರನೆಯದು ಎಲ್ಲಕ್ಕಿಂತ ಹಳೆಯ ಉಪಾಯ: ವಾರಕ್ಕೊಮ್ಮೆ ಹತ್ತರಲ್ಲೊಂದು ಪಾಲು ನೀರನ್ನು ತೆಗೆದು ಹೊಸದನ್ನು ತುಂಬುವುದು. ಎಲ್ಲಕ್ಕೂ ಮೊದಲು, ಆಹಾರ ಹಾಕುವ ಕೈ ಹಿಡಿತದಲ್ಲಿರಬೇಕೆಂಬುದನ್ನು ಹೇಳಬೇಕಾಗಿಲ್ಲವಷ್ಟೆ.

ಇನ್ನು ಉಪ್ಪಿನ ಮಾತು. ಕಡಲ ನೀರಿನಲ್ಲಿ ಲೀಟರಿಗೆ ಸುಮಾರು 35 ಗ್ರಾಂ ಉಪ್ಪಿರುತ್ತದೆ. 200 ಲೀಟರಿನ ತೊಟ್ಟಿಯಿಂದ ದಿನಕ್ಕೆ ಒಂದೆರಡು ಲೀಟರು ನೀರು ಆವಿಯಾಗಿ ಹೋಗಬಹುದು. ಹೋದದ್ದು ಕಡಲ ನೀರಲ್ಲವೇ, ಕಡಲ ನೀರನ್ನೇ ತುಂಬಬೇಕಲ್ಲವೇ ಎಂದು ಕೇಳಿದೆ. ಅಳಿಯ ನಕ್ಕ. ಗೋಕರ್ಣದ ಬಳಿಯ ಸಾಣಿಕಟ್ಟೆಯಲ್ಲಿ ಉಪ್ಪಿನ ಆಗರಗಳನ್ನು ಕಣ್ಣಾರೆ ನೋಡಿದವನು ನಾನು. ನೀರು ಹೋಗುತ್ತದೆ, ಉಪ್ಪು ಉಳಿಯುತ್ತದೆ ಎಂಬುದು ಹೊಳೆಯಬೇಕಿತ್ತು. ಆವಿಯಾದದ್ದಕ್ಕೆ ಪ್ರತಿಯಾಗಿ ಸಿಹಿನೀರನ್ನೇ ತುಂಬಬೇಕು. ಇಲ್ಲದಿದ್ದರೆ ತೊಟ್ಟಿಯೇ ಆಗರವಾಗುತ್ತದೆ. ಆ ಸಿಹಿನೀರೂ ನಲ್ಲಿಯದಾಗಬಾರದು. ಕ್ಲೋರಿನ್, ತಾಮ್ರ ಮೊದಲಾದುವು ನೀಗುವಂತೆ ಆರ್‌ಓ ಯಂತ್ರದಿಂದ ಸೋಸಿದ್ದಾಗಬೇಕು. ಬೆರಕೆಯ ಉಪ್ಪನ್ನು ಕರಗಿಸಿ ಕಡಲ ನೀರು ತಯಾರಿಸುವುದೂ ಇದರಲ್ಲಿಯೇ.

ಗಟ್ಟಿ ಹವಳಗಳು ತಮ್ಮ ಮನೆ ಕಟ್ಟುವ ಸುಣ್ಣವನ್ನು ನೀರಿನಿಂದಲೇ ಹೀರುತ್ತವೆ. ಆದ್ದರಿಂದ ಲೀಟರಿಗೆ 400ರಿಂದ 450 ಮಿಲಿಗ್ರಾಂ ಕ್ಯಾಲ್ಸಿಯಂ ಇದೆಯೆ, ಕ್ಷಾರಾಂಶ ಕುಗ್ಗಿಲ್ಲವೆ, ಶಾಖ 24ರಿಂದ 26 ಡಿಗ್ರಿಯ ಆಸುಪಾಸಿನಲ್ಲಿದೆಯೆ ಎಂದು ನೋಡುತ್ತಿರಬೇಕು. ಕೊರತೆ ಕಂಡರೆ ಒಮ್ಮೆಗೇ ಸುರಿಯದೆ ದಿನದಿನವೂ ಸ್ವಲ್ಪ ಸ್ವಲ್ಪವಾಗಿ ಸರಿಪಡಿಸಬೇಕು. ಅಂಕಿ ತುಸು ಆಚೀಚೆಯಾಗುವುದಕ್ಕಿಂತ ದಿಢೀರನೆ ಏರಿಳಿಯುವುದೇ ಹವಳಕ್ಕೆ ಹೆಚ್ಚು ಮಾರಕ.

ಇದನ್ನು ಕೇಳಿ ಯಾರಿಗಾದರೂ ನಮ್ಮ ಕರಾವಳಿಯಿಂದ ಹವಳ ತರುವ ಆಸೆಯಾದರೆ ಒಂದು ಎಚ್ಚರಿಕೆಯ ಮಾತು. ಮುರುಡೇಶ್ವರದಾಚೆಯ ನೇತ್ರಾಣಿ ದ್ವೀಪದ ಸುತ್ತ ಹವಳಗಳುಂಟು, ನಿಜ. ಆದರೆ ದಿಬ್ಬ ಕಟ್ಟುವ ಹವಳಗಳನ್ನು 2001ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೊದಲನೆಯ ಅನುಸೂಚಿಗೆ ಸೇರಿಸಲಾಗಿದೆ. ಹುಲಿಗಿರುವ ರಕ್ಷಣೆಯೇ ಅವಕ್ಕೂ ಇದೆ. ಅವನ್ನು ಕೀಳುವುದೂ ಮಾರುವುದೂ ಅಪರಾಧ. ನಾಲ್ಕು ಬಕೆಟ್ಟು ನೀರನ್ನು ಸರಿಯಾಗಿ ಇಟ್ಟುಕೊಳ್ಳಲು ಇಷ್ಟು ಪಾಡು ಪಡಬೇಕಾದರೆ, ತಾನಾಗಿಯೇ ಸರಿಯಾಗಿರುವ ಕಡಲನ್ನು ಕೆಡಿಸದಿರುವುದು ಎಷ್ಟು ದೊಡ್ಡ ಉಪಕಾರವೆಂದು ಆ ತೊಟ್ಟಿಯ ಮುಂದೆ ಕುಳಿತಾಗ ನನಗೆ ಅನ್ನಿಸಿತು.

ಮೊಮ್ಮಗಳಿಗೆ ಉತ್ತರ ಹೇಳಿದೆ: ನೀರು ತಿಳಿಯಾಗಿತ್ತು, ಮಗು, ಶುದ್ಧವಾಗಿರಲಿಲ್ಲ. ಕಣ್ಣಿಗೆ ಕಾಣದ್ದನ್ನು ಪರೀಕ್ಷೆಯಿಂದಲೇ ತಿಳಿಯಬೇಕು. ಈಗ ವಾರಕ್ಕೊಮ್ಮೆ ಅವಳೇ ಪುಟ್ಟ ಗಾಜಿನ ನಳಿಕೆಯಲ್ಲಿ ನೀರು ಹಿಡಿದು, ಔಷಧದ ಹನಿಗಳನ್ನು ಬಿಟ್ಟು, ಬಣ್ಣವನ್ನು ಪಟ್ಟಿಯೊಡನೆ ಹೋಲಿಸಿ ನೋಡುತ್ತಾಳೆ. ಭಾನುವಾರ ಫೋನಿನಲ್ಲಿ ವರದಿ ಬರುತ್ತದೆ: "ಅಮೋನಿಯಾ ಸೊನ್ನೆ, ತಾತ. ನೈಟ್ರೈಟೂ ಸೊನ್ನೆ." ಅಷ್ಟು ವರ್ಷ ಉತ್ತರಪತ್ರಿಕೆಗಳನ್ನು ತಿದ್ದಿದವನು ನಾನು, ಸೊನ್ನೆಯನ್ನು ಕೇಳಿ ಇಷ್ಟು ಸಂತೋಷಪಟ್ಟದ್ದು ಹಿಂದೆಂದೂ ಇಲ್ಲ.