ತವರು ಬಿಟ್ಟವರ ಊರಿಗೆ ಬಂದ ಮಗಳು

ದೆಹಲಿಯ ಕಾಶ್ಮೀರಿ ಗೇಟ್ ಪೂಜೆಯ ದುರ್ಗೆ ದಶಮಿಯಂದು ವಿಸರ್ಜನೆಗೆ ಹೊರಡುವುದು ಎತ್ತಿನ ಗಾಡಿಯಲ್ಲಿ. ಮುಂದೆ ಢಾಕ್ ಬಾರಿಸುವವರು, ಹಿಂದೆ ಹಾರ್ನು ಒತ್ತುತ್ತಾ ತೆವಳುವ ಕಾರು, ಆಟೊಗಳ ಸಾಲು. ಲಾರಿ ಸಿಗದೆ ಹೀಗೆ ಮಾಡುತ್ತಿಲ್ಲ. ಮೊದಲ ಪ್ರತಿಮೆ ಕಾಶಿಯಿಂದ ರೈಲಿನಲ್ಲಿ ಬಂದು, ನಿಲ್ದಾಣದಿಂದ ಎತ್ತಿನ ಗಾಡಿ ಏರಿತ್ತಂತೆ. ಬಂದ ಹಾಗೆಯೇ ಕಳಿಸಿಕೊಡಬೇಕೆಂಬ ಹಟ ಇವರದು.

ಅದಕ್ಕೂ ಮೊದಲು ಪ್ರತಿಮೆಯೇ ಇರಲಿಲ್ಲ. 1910ರಲ್ಲಿ ಹಳೇ ದೆಹಲಿಯಲ್ಲಿದ್ದ ಬಂಗಾಳಿಗಳು ಸೇರಿ ಘಟವಿಟ್ಟು ಪೂಜೆ ಮುಗಿಸಿದ್ದರು. ರಾಜಧಾನಿ ಕಲ್ಕತ್ತೆ ಬಿಟ್ಟು ಬಂದಾಗ ಗುಮಾಸ್ತರ ಜೊತೆ ದುರ್ಗೆಯೂ ಬಂದಳು ಎನ್ನುವ ಮಾತು ದೆಹಲಿಯಲ್ಲಿ ಜನಪ್ರಿಯ. ತಾರೀಖು ನೋಡಿದರೆ ಅದು ಹೊಂದುವುದಿಲ್ಲ. ಐದನೇ ಜಾರ್ಜ್ ದರ್ಬಾರಿನಲ್ಲಿ ಹೊಸ ರಾಜಧಾನಿಯನ್ನು ಸಾರಿದ್ದು 1911ರ ಡಿಸೆಂಬರ್ 12ರಂದು. ಆ ಹೊತ್ತಿಗೆ ಕಾಶ್ಮೀರಿ ಗೇಟಿನವರು ಹಬ್ಬ ಶುರುಮಾಡಿ ವರ್ಷದ ಮೇಲಾಗಿತ್ತು. ಗುಮಾಸ್ತರ ಪೂಜೆ ಎಂದು ಕರೆಯುವುದಾದರೆ ತಿಮಾರ್‌ಪುರದ್ದನ್ನು ಕರೆಯಬೇಕು. ಸರ್ಕಾರಿ ನೌಕರರ ಆ ಬಡಾವಣೆಯಲ್ಲಿ ಅದು 1914ರಿಂದ ನಡೆದಿದೆ.

ಊರು ಬಿಟ್ಟವರು ಅಷ್ಟು ಬೇಗ ಈ ಹಬ್ಬವನ್ನೇ ಯಾಕೆ ಹಿಡಿದುಕೊಂಡರು? ಬಂಗಾಳಿಗಳ ದುರ್ಗೆ ಕೋಣನನ್ನು ಕೊಲ್ಲುವ ದೇವಿ ಮಾತ್ರ ಅಲ್ಲ. ಅವಳು ಉಮೆ, ಮನೆಮಗಳು. ಕೈಲಾಸದ ಸಂಸಾರದಿಂದ ನಾಲ್ಕು ದಿನ ಬಿಡುವು ಮಾಡಿಕೊಂಡು, ಮಕ್ಕಳನ್ನೂ ಕಟ್ಟಿಕೊಂಡು ತಾಯಿ ಮೇನಕೆಯ ಮನೆಗೆ ಬರುತ್ತಾಳೆ. ಲಕ್ಷ್ಮಿ, ಸರಸ್ವತಿ, ಗಣೇಶ, ಕಾರ್ತಿಕೇಯ ಪಕ್ಕದಲ್ಲಿ ನಿಂತಿರುವುದು ಆ ಕಾರಣಕ್ಕೆ. ಇದನ್ನು ಕನ್ನಡದವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ನಮ್ಮ ಗೌರಿ ಭಾದ್ರಪದದ ತದಿಗೆಯಂದು ತವರಿಗೆ ಬರುತ್ತಾಳೆ, ಮರುದಿನ ಮಗ ಕರೆದೊಯ್ಯಲು ಬಂದು ನಿಲ್ಲುತ್ತಾನೆ. ಮಡಿಲು ತುಂಬಿ ಕಳಿಸುವಾಗ ಮನೆಯ ಹೆಂಗಸರ ಕಣ್ಣು ತುಂಬುವುದು ಪುರಾಣ ನೆನೆದಲ್ಲ.

ಇನ್ನೂ ಹಿಂದಕ್ಕೆ ಹೋದರೆ ಈ ಪೂಜೆಯ ಮೂಲ ಗ್ರಂಥವೇ ಮನೆ ಕಳೆದುಕೊಂಡವರಿಂದ ಶುರುವಾಗುತ್ತದೆ. ಕಟೀಲು ಮೇಳದ ‘ದೇವಿ ಮಹಾತ್ಮೆ’ ಯಕ್ಷಗಾನ ನೋಡಿದವರಿಗೆ ದೊಂದಿಯ ಬೆಳಕಿನಲ್ಲಿ ಅಬ್ಬರಿಸುತ್ತಾ ಬರುವ ಮಹಿಷಾಸುರನೇ ನೆನಪು. ಸುರಥನನ್ನೂ ಸಮಾಧಿಯನ್ನೂ ಯಾರು ನೆನೆಯುತ್ತಾರೆ? ಮಾರ್ಕಂಡೇಯ ಪುರಾಣದೊಳಗಿನ ಹದಿಮೂರು ಅಧ್ಯಾಯಗಳ ದೇವೀಮಾಹಾತ್ಮ್ಯಕ್ಕೆ ಬಾಗಿಲು ತೆರೆಯುವವರು ಅವರೇ. ಒಬ್ಬ ರಾಜ್ಯ ಕಳೆದುಕೊಂಡ ಅರಸ, ಇನ್ನೊಬ್ಬ ಹೆಂಡತಿ ಮಕ್ಕಳೇ ಹೊರಹಾಕಿದ ವ್ಯಾಪಾರಿ. ಕಾಡಿನಲ್ಲಿ ಎದುರಾದ ಇಬ್ಬರದೂ ಒಂದೇ ಸಂಕಟ: ನಮ್ಮನ್ನು ಬೇಡವೆಂದವರನ್ನೇ ಮನಸ್ಸು ಯಾಕೆ ಹಂಬಲಿಸುತ್ತದೆ? ಮೇಧಸ್ ಋಷಿ ಉತ್ತರವಾಗಿ ದೇವಿಯ ಕತೆ ಹೇಳುತ್ತಾನೆ. ಆ ಹಂಬಲವೂ ಅವಳೇ ಎನ್ನುವುದು ಅದರ ತಿರುಳು. ಐದನೇ ಅಧ್ಯಾಯದಲ್ಲಿ ದೇವತೆಗಳು ಅವಳನ್ನು ಶಕ್ತಿ ಎಂದಷ್ಟೇ ಅಲ್ಲ, ಹಸಿವೆಂದು, ನಿದ್ದೆಯೆಂದು, ನಾಚಿಕೆಯೆಂದು, ಕೊನೆಗೆ ಭ್ರಾಂತಿಯೆಂದೂ ಕರೆದು ಕೈಮುಗಿಯುತ್ತಾರೆ.

ಕತೆ ಕೇಳಿದ ಇಬ್ಬರೂ ನದಿಯ ದಂಡೆಗೆ ಹೋಗಿ ಮಣ್ಣಿನಿಂದ ಅವಳ ಮೂರ್ತಿ ಮಾಡಿ ಮೂರು ವರ್ಷ ಪೂಜಿಸುತ್ತಾರೆ. ಪ್ರತ್ಯಕ್ಷಳಾದವಳಲ್ಲಿ ಅರಸ ಬೇಡಿದ್ದು ಕಳೆದ ರಾಜ್ಯವನ್ನು. ವ್ಯಾಪಾರಿ ಬೇಡಿದ್ದು ‘ನಾನು’, ‘ನನ್ನದು’ ಎಂಬುದನ್ನು ಕಳಚುವ ಅರಿವನ್ನು. ದೇವಿ ಇಬ್ಬರಿಗೂ ಕೊಟ್ಟಳು. ಒಬ್ಬನದು ಕೀಳು ಆಸೆ ಎಂದು ಗದರಲಿಲ್ಲ. ನನಗೆ ಈ ಗ್ರಂಥದ ಬಗ್ಗೆ ಅಕ್ಕರೆ ಹುಟ್ಟಿದ್ದು ಇಲ್ಲಿ.

ದಕ್ಷಿಣ ದೆಹಲಿಯ ಚಿತ್ತರಂಜನ್ ಪಾರ್ಕಿಗೆ ಸುರಥನ ಬೇಡಿಕೆ ಚೆನ್ನಾಗಿ ಅರ್ಥವಾಗುತ್ತದೆ. ದೇಶ ಒಡೆದಾಗ ಪೂರ್ವ ಬಂಗಾಳದಲ್ಲಿ ಮನೆ, ಹೊಲ, ಕೊಳ ಬಿಟ್ಟುಬಂದವರಿಗೆ ಕಲ್ಲುಗುಡ್ಡದ ಜಾಗದಲ್ಲಿ ನಿವೇಶನ ಸಿಕ್ಕಿದ್ದು 1960ರ ದಶಕದಲ್ಲಿ. ಆಗ ಅದರ ಹೆಸರು ಇ.ಪಿ.ಡಿ.ಪಿ. ಕಾಲೊನಿ, ಅಂದರೆ ಪೂರ್ವ ಪಾಕಿಸ್ತಾನದ ನಿರಾಶ್ರಿತರ ಕಾಲೊನಿ. ಇಂದು ಅಲ್ಲಿ ಒಂದೊಂದು ಬ್ಲಾಕಿನದೂ ಒಂದೊಂದು ಪೆಂಡಾಲು. ಮಧ್ಯಾಹ್ನ ಖಿಚುಡಿ ಪ್ರಸಾದಕ್ಕೆ ಸಾಲು, ಸಂಜೆ ನಡೆಯಲೂ ಜಾಗವಿಲ್ಲ. ದಶಮಿಯಂದು ಹೆಂಗಸರು ವೀಳ್ಯದೆಲೆಯಿಂದ ದೇವಿಯ ಕೆನ್ನೆ ಒರೆಸಿ, ಬಾಯಿಗೆ ಸಿಹಿ ಮುಟ್ಟಿಸಿ, ಒಬ್ಬರಿಗೊಬ್ಬರು ಸಿಂಧೂರ ಬಳಿಯುತ್ತಾರೆ.

ಪಂಜಾಬಿ ಬಡಾವಣೆಗಳಲ್ಲಿ ನವರಾತ್ರಿ ಬೇರೆಯೇ. ಅವರಲ್ಲೂ ಬಹುಮಂದಿ 1947ರಲ್ಲಿ ಗಡಿ ದಾಟಿ ಬಂದವರ ಮಕ್ಕಳು, ಮೊಮ್ಮಕ್ಕಳು. ಮಣ್ಣಿನ ಪಾತ್ರೆಯಲ್ಲಿ ಜವೆಗೋಧಿ ಬಿತ್ತಿ ಮೊಳಕೆ ಬರಿಸುತ್ತಾರೆ. ಉತ್ತರ ಕರ್ನಾಟಕದಲ್ಲಿ ಘಟ್ಟ ಹಾಕುವುದನ್ನು ಕಂಡವರಿಗೆ ಇದು ಗುರುತಿನದೇ. ಅಷ್ಟಮಿ ಇಲ್ಲವೇ ನವಮಿಯಂದು ಕಂಜಕ್: ಪುಟ್ಟ ಹುಡುಗಿಯರ ಕಾಲು ತೊಳೆದು, ಹಣೆಗೆ ತಿಲಕವಿಟ್ಟು, ಹಲ್ವಾ, ಪೂರಿ, ಕಪ್ಪು ಕಡಲೆ ಬಡಿಸುವುದು. ಅಪಾರ್ಟ್‌ಮೆಂಟುಗಳಲ್ಲಿ ಆ ಬೆಳಿಗ್ಗೆ ಒಂಬತ್ತು ಹುಡುಗಿಯರನ್ನು ಒಟ್ಟುಮಾಡುವುದೇ ಸಾಹಸ. ಇದ್ದವರಿಗೆ ಐದಾರು ಮನೆಗಳ ಆಹ್ವಾನ. ನಗು ಬರುತ್ತದೆ, ಆಮೇಲೆ ಬರುವುದಿಲ್ಲ. 2011ರ ಜನಗಣತಿಯಲ್ಲಿ ಆರು ವರ್ಷದೊಳಗಿನ ಸಾವಿರ ಗಂಡುಮಕ್ಕಳಿಗೆ ದೆಹಲಿಯಲ್ಲಿದ್ದ ಹೆಣ್ಣುಮಕ್ಕಳು 871, ಪಕ್ಕದ ಹರಿಯಾಣದಲ್ಲಿ 834. ಕಾಲು ತೊಳೆಯುವ ನೀರಿಗೆ ಈ ಲೆಕ್ಕ ತೊಳೆಯಲು ಆಗಿಲ್ಲ.

ಇವೆಲ್ಲದರ ನಡುವೆ ನೊಯ್ಡಾದ ಎತ್ತರದ ಕಟ್ಟಡಗಳಲ್ಲಿ, ಆರ್.ಕೆ. ಪುರದ ಕ್ವಾರ್ಟರ್ಸುಗಳಲ್ಲಿ ಹಳೇ ಮೈಸೂರಿನ ಕಡೆಯವರು ಗೊಂಬೆ ಕೂರಿಸುತ್ತಾರೆ. ಮೇಲಿನ ಮೆಟ್ಟಿಲಿನ ಪಟ್ಟದ ಗೊಂಬೆಗಳು ಮದುವೆಯಲ್ಲಿ ತವರಿನವರು ಮಗಳಿಗೆ ಕೊಟ್ಟವು. ಕರ್ನಾಟಕ ಎಕ್ಸ್‌ಪ್ರೆಸ್‌ನಲ್ಲಿ ಎರಡು ರಾತ್ರಿ ಕಳೆದು ಅವಳ ಜೊತೆಗೇ ಬಂದವು. ದಶಮಿಯ ರಾತ್ರಿ ಆರತಿ ಎತ್ತಿ ಒಂದು ಗೊಂಬೆಯನ್ನು ಮಲಗಿಸುತ್ತಾರೆ. ಮರುದಿನ ಎಲ್ಲವನ್ನೂ ಹಳೇ ಪಂಚೆಯಲ್ಲಿ ಸುತ್ತಿ ಟ್ರಂಕಿಗೆ ಹಾಕುತ್ತಾರೆ. ನಾನು ಕಂಡ ಒಂದು ಮನೆಯ ಟ್ರಂಕಿನ ಮುಚ್ಚಳದ ಮೇಲೆ ಬಿಳಿ ಬಣ್ಣದಲ್ಲಿ ಬರೆದಿದ್ದುದು ಇನ್ನೂ ಮೈಸೂರಿನ ವಿಳಾಸವೇ.